ಒಥೆಲ್ಲೊ ನಾಟಕದಲ್ಲಿ ವಂಚನೆ: ಎಮಿಲಿಯಳ ಮೌನ

ಷೇಕ್ಸ್‌ಪಿಯರನ ‘ಒಥೆಲ್ಲೊ’ ನಾಟಕವನ್ನು ಓದಿದವರನ್ನಾಗಲಿ ರಂಗದ ಮೇಲೆ ಕಂಡವರನ್ನಾಗಲಿ ಅದರಲ್ಲಿ ವಂಚಕನು ಯಾರೆಂದು ಕೇಳಿದರೆ ಎಲ್ಲರೂ ಇಯಾಗೊನ ಹೆಸರನ್ನೇ ಹೇಳುತ್ತಾರೆ. ಉತ್ತರವೇನೋ ಸರಿಯಾದುದೇ. ವಂಚನೆಯನ್ನು ಒಂದು ವಿದ್ಯೆಯಂತೆ ಅಭ್ಯಾಸಮಾಡಿ, ಅದರಲ್ಲಿ ಕಲಾವಿದನಷ್ಟು ಹೆಮ್ಮೆಪಡುವ ಇಂಥ ಮತ್ತೊಂದು ಪಾತ್ರವನ್ನು ನಾಟಕಸಾಹಿತ್ಯದಲ್ಲಿ ಹುಡುಕುವುದು ಕಷ್ಟ. ಆದರೆ ಅಷ್ಟಕ್ಕೇ ತೃಪ್ತರಾಗಿ ಪುಸ್ತಕವನ್ನು ಮುಚ್ಚುವವರು ನಾಟಕಕಾರನು ಬಹು ಎಚ್ಚರದಿಂದ ಹೆಣೆದಿರಿಸಿದ ಒಂದು ಸಂಗತಿಯನ್ನು ಗಮನಿಸದೆ ಹೋಗುತ್ತಾರೆ. ಒಳ್ಳೆಯವರು ಹೇಳಿದ ಸಣ್ಣ ಸುಳ್ಳುಗಳೂ, ಅವರು ಸಕಾಲದಲ್ಲಿ ಆಡದೆ ಬಿಟ್ಟ ಮಾತುಗಳೂ ಇಲ್ಲದೆಹೋಗಿದ್ದರೆ ಇಯಾಗೊನ ಬಲೆಗೆ ನೂಲೇ ಇರುತ್ತಿರಲಿಲ್ಲ. ಅಂಥ ಮಾತುಗಳಲ್ಲಿ ಅತ್ಯಂತ ಚಿಕ್ಕದು ಇಯಾಗೊನ ಹೆಂಡತಿ ಎಮಿಲಿಯ ತನ್ನ ಒಡತಿಗೆ ಕೊಡುವ ಒಂದು ಉತ್ತರ. ಕಳೆದುಹೋದ ಕರವಸ್ತ್ರದ ವಿಷಯ ತನಗೆ ಗೊತ್ತಿಲ್ಲ ಎಂದು ಆಕೆ ಹೇಳುತ್ತಾಳೆ. ಆಕೆಗೆ ಗೊತ್ತಿತ್ತು.

ಈ ನಾಟಕವು 1604ರ ನವೆಂಬರ್ 1ರಂದು ಲಂಡನ್ನಿನ ವೈಟ್‌ಹಾಲ್ ಅರಮನೆಯಲ್ಲಿ ಪ್ರದರ್ಶಿತವಾದುದಕ್ಕೆ ದಾಖಲೆಯಿದೆ. ಅಚ್ಚಾದುದು ಕವಿಯ ಮರಣಾನಂತರ, 1622ರಲ್ಲಿ ಬಿಡಿ ಪುಸ್ತಕವಾಗಿ, 1623ರಲ್ಲಿ ಸಮಗ್ರ ನಾಟಕಗಳ ಸಂಪುಟದಲ್ಲಿ. ಕನ್ನಡಿಗರಿಗೂ ಇದು ಹೊಸ ಕಥೆಯಲ್ಲ. ಮೈಸೂರಿನ ಬಸವಪ್ಪ ಶಾಸ್ತ್ರಿಗಳು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇದನ್ನು ‘ಶೂರಸೇನ ಚರಿತ್ರೆ’ ಎಂಬ ಹೆಸರಿನಿಂದ ನಮ್ಮ ರಂಗಭೂಮಿಗೆ ತಂದರು. ಕಥೆಯ ಎಳೆ ಸರಳವಾದುದು. ವೆನಿಸ್ ಗಣರಾಜ್ಯದ ಸೇನಾಪತಿಯಾದ ಮೂರ್ ಜನಾಂಗದ ಒಥೆಲ್ಲೊ, ಬ್ರಬಾನ್ಷಿಯೊ ಎಂಬ ಶ್ರೀಮಂತನ ಮಗಳು ಡೆಸ್ಡೆಮೋನಳನ್ನು ಆಕೆಯ ತಂದೆಗೆ ತಿಳಿಯದಂತೆ ಮದುವೆಯಾಗುತ್ತಾನೆ. ಉಪಸೇನಾನಿಯ ಪದವಿ ತನಗೆ ಸಿಗದೆ ಕ್ಯಾಸಿಯೊ ಎಂಬುವನಿಗೆ ಸಿಕ್ಕಿತೆಂದು ಕುದಿಯುತ್ತಿರುವ ಧ್ವಜಧಾರಿ ಇಯಾಗೊ, ಡೆಸ್ಡೆಮೋನಳಿಗೂ ಕ್ಯಾಸಿಯೊನಿಗೂ ಅಕ್ರಮ ಸಂಬಂಧವಿದೆಯೆಂದು ಒಥೆಲ್ಲೊನ ಮನಸ್ಸಿನಲ್ಲಿ ಸಂಶಯವನ್ನು ಬಿತ್ತುತ್ತಾನೆ. ಗಂಡ ಕೊಟ್ಟ ಮೊದಲ ಕಾಣಿಕೆಯಾದ ಒಂದು ಕರವಸ್ತ್ರ ಅದಕ್ಕೆ ಸಾಕ್ಷಿಯಾಗುತ್ತದೆ. ಗಂಡನೇ ಹೆಂಡತಿಯ ಉಸಿರು ಕಟ್ಟಿಸಿ ಕೊಲ್ಲುತ್ತಾನೆ. ನಿಜ ತಿಳಿದಾಗ ತನ್ನನ್ನೂ ಕೊಂದುಕೊಳ್ಳುತ್ತಾನೆ.

ಇಷ್ಟು ದೊಡ್ಡ ಅನರ್ಥಕ್ಕೆ ಇಷ್ಟು ಚಿಕ್ಕ ಬಟ್ಟೆಯೇ ಕಾರಣವೆ ಎಂದು ನಕ್ಕವರಿದ್ದಾರೆ. 1693ರಲ್ಲಿ ತಾಮಸ್ ರೈಮರ್ ಎಂಬ ವಿಮರ್ಶಕನು ಇದನ್ನು ಕರವಸ್ತ್ರದ ದುರಂತವೆಂದೇ ಏಕೆ ಕರೆಯಬಾರದು ಎಂದು ಹಾಸ್ಯಮಾಡಿದನು. ರೈಮರನ ನಗೆ ನ್ಯಾಯವಾದುದಲ್ಲವಾದರೂ ಅವನ ಬೆರಳು ಸರಿಯಾದ ಸ್ಥಳವನ್ನೇ ಮುಟ್ಟಿತ್ತು. ವಸ್ತು ಚಿಕ್ಕದೆಂಬುದೇ ಈ ನಾಟಕದ ವಿಷಯ. ಅದು ಚಿಕ್ಕದಾದ್ದರಿಂದಲೇ ಅದನ್ನು ಕುರಿತು ಸುಳ್ಳು ಹೇಳುವುದು ಎಲ್ಲರಿಗೂ ಸುಲಭವಾಯಿತು.

ಇಯಾಗೊನ ವಿಧಾನವನ್ನು ಮೊದಲು ನೋಡಬೇಕು. ಈ ನಾಟಕದಲ್ಲಿ ‘ಪ್ರಾಮಾಣಿಕ’, ‘ಪ್ರಾಮಾಣಿಕತೆ’ ಎಂಬರ್ಥದ ಇಂಗ್ಲಿಷ್ ಪದಗಳು ಐವತ್ತೆರಡು ಬಾರಿ ಬರುತ್ತವೆಯೆಂದು ವಿಲಿಯಂ ಎಂಪ್ಸನ್ ಎಣಿಸಿ, ಆ ಪದದ ಮೇಲೆಯೇ ಒಂದು ದೀರ್ಘ ಪ್ರಬಂಧವನ್ನು ಬರೆದನು. ಅವುಗಳಲ್ಲಿ ಬಹಳಷ್ಟು ಇಯಾಗೊನ ಹೆಸರಿಗೆ ಅಂಟಿಕೊಂಡು ಬರುವಂಥವು. ಒಥೆಲ್ಲೊ, ಕ್ಯಾಸಿಯೊ, ಡೆಸ್ಡೆಮೋನ ಎಲ್ಲರೂ ಅವನನ್ನು ಹಾಗೆಯೇ ಕರೆಯುತ್ತಾರೆ. ಪ್ರಾಮಾಣಿಕನೆಂದು ಒಮ್ಮೆ ಹೆಸರಾದವನ ಲೆಕ್ಕವನ್ನು ಯಾರೂ ಕೇಳುವುದಿಲ್ಲವೆಂಬುದು ಮನೆಗಳಲ್ಲಿಯೂ ಸಂಸ್ಥೆಗಳಲ್ಲಿಯೂ ಹಣಕಾಸು ನೋಡಿಕೊಂಡವರಿಗೆಲ್ಲ ಗೊತ್ತಿರುವ ಮಾತು. ಈ ಹೆಸರು ಸುಮ್ಮನೆ ಬಂದುದಲ್ಲ. ಇಯಾಗೊ ಬಹಳಷ್ಟು ಸಲ ನಿಜವನ್ನೇ ಹೇಳುತ್ತಾನೆ. ಎರಡನೆಯ ಅಂಕದಲ್ಲಿ ಕ್ಯಾಸಿಯೊನಿಗೆ ಕುಡಿಸಿ ಜಗಳವೆಬ್ಬಿಸಿದ ಮೇಲೆ, ನಡೆದುದೇನೆಂದು ಒಥೆಲ್ಲೊ ಕೇಳಿದಾಗ ಅವನು ಕೊಡುವ ಸಾಕ್ಷ್ಯದ ಬಹುಭಾಗ ಸತ್ಯವೇ. ಅದರಲ್ಲಿ ಮುಖ್ಯವಾಗಿ ಬಿಟ್ಟುಹೋಗಿರುವುದು ಅವನದೇ ಪಾತ್ರ. ಸ್ನೇಹಕ್ಕಾಗಿ ಇವನು ಮಾತನ್ನು ಮೃದುಮಾಡುತ್ತಿದ್ದಾನೆಂದು ಒಥೆಲ್ಲೊ ಮೆಚ್ಚಿಕೊಂಡು, ಕ್ಯಾಸಿಯೊನನ್ನು ಪದವಿಯಿಂದ ತೆಗೆಯುತ್ತಾನೆ. ಮರುಕ್ಷಣವೇ ಇಯಾಗೊ ಕ್ಯಾಸಿಯೊನಿಗೆ, ಡೆಸ್ಡೆಮೋನಳ ಮೂಲಕ ಕ್ಷಮೆ ಕೇಳೆಂದು ಸಲಹೆ ಕೊಡುತ್ತಾನೆ. ಸಲಹೆ ನಿಜವಾಗಿಯೂ ಒಳ್ಳೆಯದು. ಇಂಥ ಸದುಪದೇಶ ಮಾಡಿದ ತನ್ನನ್ನು ಖಳನೆಂದು ಯಾರು ಹೇಳಿಯಾರು ಎಂದು ಅವನೇ ಪ್ರೇಕ್ಷಕರ ಕಡೆ ತಿರುಗಿ ಕೇಳುತ್ತಾನೆ. ಅಸೂಯೆಯ ಕೇಡನ್ನು ಒಥೆಲ್ಲೊನಿಗೆ ಬಣ್ಣಿಸಿ ಎಚ್ಚರಿಸುವವನೂ ಅವನೇ. ಆ ಎಚ್ಚರಿಕೆಯ ಒಂದು ಅಕ್ಷರವೂ ಸುಳ್ಳಲ್ಲ.

ಒಥೆಲ್ಲೊನನ್ನು ನಿಜವಾಗಿ ಅಲುಗಿಸಿದ ಮಾತೂ ಸತ್ಯವಾದುದೇ. ಡೆಸ್ಡೆಮೋನ ತನ್ನ ತಂದೆಯನ್ನು ವಂಚಿಸಿ ಮದುವೆಯಾದವಳೆಂದು ಇಯಾಗೊ ನೆನಪಿಸುತ್ತಾನೆ. ಇದು ಅವನ ಕಲ್ಪನೆಯಲ್ಲ. ಮೊದಲನೆಯ ಅಂಕದಲ್ಲಿ ಸಭೆಯ ಎದುರಿಗೆ ಸೋತು ನಿಂತ ತಂದೆ ಬ್ರಬಾನ್ಷಿಯೊನೇ ಹೋಗುವ ಮುನ್ನ ಅಳಿಯನಿಗೆ, ತಂದೆಗೆ ಮೋಸಮಾಡಿದವಳು ನಿನಗೂ ಮಾಡಿಯಾಳು ಎಂಬರ್ಥದ ಮಾತನ್ನು ಆಡಿರುತ್ತಾನೆ. ಆಗ ಒಥೆಲ್ಲೊ ಹೆಂಡತಿಯ ನಿಷ್ಠೆಗೆ ತನ್ನ ಪ್ರಾಣವನ್ನೇ ಒತ್ತೆಯಿಡುತ್ತಾನೆ. ಆದರೆ ಮಾತು ಮನಸ್ಸಿನ ಮೂಲೆಯಲ್ಲಿ ಉಳಿದುಕೊಂಡಿತ್ತು. ಇಯಾಗೊ ಹೊಸದಾಗಿ ಏನನ್ನೂ ತಂದಿಡಬೇಕಾಗಲಿಲ್ಲ. ಡೆಸ್ಡೆಮೋನಳ ವಿವಾಹವನ್ನು ಪಾಪವೆನ್ನುವ ಉದ್ದೇಶ ನಾಟಕಕಾರನಿಗಿಲ್ಲ. ಸಭೆಯ ಮುಂದೆ ಆಕೆ ನಿಂತು, ತಾಯಿ ತನ್ನ ತಂದೆಗಿಂತ ಗಂಡನನ್ನು ಮುಂದಾಗಿ ಕಂಡಂತೆ ತಾನೂ ಗಂಡನ ಕಡೆಯವಳೆಂದು ಹೇಳುವ ಮಾತಿನಲ್ಲಿ ಘನತೆಯಿದೆ. ಆದರೂ ಅಷ್ಟು ಧೈರ್ಯವಿದ್ದ ಮಗಳು ಅದೇ ಮಾತನ್ನು ತಂದೆಗೆ ಮೊದಲೇ, ಮನೆಯಲ್ಲಿಯೇ ಹೇಳಲಿಲ್ಲ. ಹೇಳಿದ್ದರೆ ಆತ ಒಪ್ಪುತ್ತಿರಲಿಲ್ಲವೆಂಬುದು ಖಚಿತ. ಆದರೆ ಮುಂದೆ ಇಯಾಗೊನ ಕೈಗೆ ಸಿಕ್ಕ ಒಂದು ಆಯುಧ ಸಿಗುತ್ತಿರಲಿಲ್ಲವೆಂಬುದೂ ಅಷ್ಟೇ ಖಚಿತ. ಕೊನೆಯ ಅಂಕದಲ್ಲಿ, ಮಗಳ ಮದುವೆಯ ದುಃಖದಿಂದಲೇ ಆ ತಂದೆ ತೀರಿಕೊಂಡನೆಂಬ ಸುದ್ದಿ ಒಂದೆರಡು ಸಾಲಿನಲ್ಲಿ ಬಂದು ಹೋಗುತ್ತದೆ. ಅದನ್ನು ಕೇಳಲು ಮಗಳು ಬದುಕಿರುವುದಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ನಾಟಕದ ಮೊದಲ ದೃಶ್ಯದಲ್ಲಿಯೇ ಇಯಾಗೊ ರೊಡೆರಿಗೊನಿಗೆ, ತಾನು ಕಾಣುವಂತೆ ಇರುವವನಲ್ಲವೆಂದು ಬಾಯಿಬಿಟ್ಟು ಹೇಳುತ್ತಾನೆ. ಸೈಪ್ರಸ್ ದ್ವೀಪದ ತೀರದಲ್ಲಿ ಗಂಡನ ಹಡಗು ಬಿರುಗಾಳಿಗೆ ಸಿಕ್ಕಿತೋ ಏನೋ ಎಂಬ ಆತಂಕದಲ್ಲಿ ಕಾಯುತ್ತಿರುವ ಡೆಸ್ಡೆಮೋನ, ಇಯಾಗೊನ ಚೇಷ್ಟೆಯ ಮಾತುಗಳಿಗೆ ನಗುತ್ತ, ತನಗೆ ಸಂತೋಷವೇನೂ ಇಲ್ಲ, ಬೇರೆ ರೀತಿಯಾಗಿ ತೋರಿಸಿಕೊಂಡು ಒಳಗಿನದನ್ನು ಮರೆಸುತ್ತಿದ್ದೇನೆ ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಾಳೆ. ಎರಡೂ ಒಂದೇ ಅಚ್ಚಿನ ಮಾತುಗಳು. ಒಬ್ಬನದು ದ್ವೇಷ, ಇನ್ನೊಬ್ಬಳದು ಸಭ್ಯತೆ. ನಾಟಕಕಾರ ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ, ನಿಜ. ಆದರೆ ಡೆಸ್ಡೆಮೋನಳಿಗೆ ಒಳಗಿನ ಅಂಜಿಕೆಯನ್ನು ಮುಚ್ಚಿ ಹೊರಗೆ ಬೇರೆ ಮುಖವನ್ನು ತೋರುವ ಅಭ್ಯಾಸವಿದೆಯೆಂಬುದನ್ನು ಅವನು ಇಲ್ಲಿಯೇ ತಿಳಿಸಿಬಿಟ್ಟಿದ್ದಾನೆ. ಮೂರನೆಯ ಅಂಕದಲ್ಲಿ ಈ ಅಭ್ಯಾಸಕ್ಕೆ ಬೆಲೆ ತೆರಬೇಕಾಗುತ್ತದೆ.

ಕರವಸ್ತ್ರ ನೆಲಕ್ಕೆ ಬೀಳುವ ಸಂದರ್ಭವಂತೂ ಎಷ್ಟು ಸಲ ಓದಿದರೂ ಸಾಲದು. ಒಥೆಲ್ಲೊ ತಲೆನೋವೆನ್ನುತ್ತಾನೆ. ಡೆಸ್ಡೆಮೋನ ಆ ಕರವಸ್ತ್ರದಿಂದಲೇ ಅವನ ಹಣೆಯನ್ನು ಕಟ್ಟಲು ಹೋಗುತ್ತಾಳೆ. ಅದು ತೀರ ಚಿಕ್ಕದೆಂದು ಅವನು ಸರಿಸುತ್ತಾನೆ, ಬೀಳುತ್ತದೆ. ಬಿಡು, ಒಳಗೆ ಹೋಗೋಣ ಎಂದು ಅವನೇ ಅವಳನ್ನು ಕರೆದುಕೊಂಡು ಹೋಗುತ್ತಾನೆ. ಅಂದರೆ ಮುಂದೆ ಯಾವುದನ್ನು ಕಳೆದಳೆಂದು ಹೆಂಡತಿಯನ್ನು ಕೊಲ್ಲುವನೋ ಅದನ್ನು ಬೀಳಿಸಿದವನು ಅವನೇ, ಬಿಟ್ಟು ಬಾ ಎಂದವನೂ ಅವನೇ. ಬಿಟ್ಟುಬಿಡು ಎಂದದ್ದು ಕರವಸ್ತ್ರವನ್ನೋ ಹಣೆಯ ನೋವನ್ನೋ ಎಂಬ ಚರ್ಚೆ ವಿದ್ವಾಂಸರಲ್ಲಿದೆ. ರಂಗದ ಮೇಲೆ ನೋಡುವವರಿಗೆ ಕಾಣುವುದು ನೆಲದ ಮೇಲಿನ ಬಟ್ಟೆ.

ಎಮಿಲಿಯ ಅದನ್ನು ಎತ್ತಿಕೊಳ್ಳುತ್ತಾಳೆ. ಆ ಕ್ಷಣದಲ್ಲಿ ಅವಳ ಸ್ವಗತ ಬಹಳ ಮುಖ್ಯ. ಇದು ಒಡತಿಗೆ ಗಂಡ ಕೊಟ್ಟ ಮೊದಲ ನೆನಪಿನ ಕಾಣಿಕೆಯೆಂದು ಅವಳಿಗೆ ಗೊತ್ತು. ಒಡತಿ ಅದನ್ನು ಸದಾ ಮೈಮೇಲಿಟ್ಟುಕೊಂಡು ಮುತ್ತಿಡುವಳೆಂದೂ ಅದರೊಡನೆ ಮಾತನಾಡುವಳೆಂದೂ ಗೊತ್ತು. ತನ್ನ ಗಂಡ ಇದನ್ನು ಕದ್ದುಕೊಡೆಂದು ನೂರು ಸಲ ಪೀಡಿಸಿದ್ದಾನೆಂಬುದೂ ಗೊತ್ತು. ಅವನಿಗೆ ಇದೇಕೆ ಬೇಕೆಂಬುದೊಂದು ಮಾತ್ರ ಗೊತ್ತಿಲ್ಲ. ಅವಳ ಮೊದಲ ಯೋಚನೆ ಕಳವಿನದಲ್ಲ. ಅದರ ಮೇಲಿರುವ ಸ್ಟ್ರಾಬೆರಿ ಹಣ್ಣುಗಳ ಕಸೂತಿಯನ್ನು ಬೇರೊಂದು ಬಟ್ಟೆಯ ಮೇಲೆ ನಕಲು ತೆಗೆಸಿ ಗಂಡನಿಗೆ ಕೊಡೋಣವೆಂಬುದು. ಅಷ್ಟರಲ್ಲಿ ಇಯಾಗೊ ಬರುತ್ತಾನೆ. ಸ್ವಲ್ಪ ಕೆಣಕಿ ಆಟವಾಡುವಷ್ಟರಲ್ಲಿ ಕರವಸ್ತ್ರ ಅವನ ಕೈಸೇರುತ್ತದೆ. ಮಹತ್ವದ ಕೆಲಸವೇನೂ ಇಲ್ಲದಿದ್ದರೆ ಹಿಂದಕ್ಕೆ ಕೊಡು, ಪಾಪ, ಕಾಣದಿದ್ದರೆ ಒಡತಿ ಹುಚ್ಚಿಯಂತಾಗುತ್ತಾಳೆ ಎಂದು ಎಮಿಲಿಯ ಬೇಡಿಕೊಳ್ಳುತ್ತಾಳೆ. ಈ ವಿಷಯ ತಿಳಿಯದವಳಂತೆ ಇರು ಎಂದು ಅವನು ಅಪ್ಪಣೆಮಾಡಿ ಅವಳನ್ನು ಕಳುಹಿಸುತ್ತಾನೆ. ನಿರಪರಾಧಿಯಾದ ನಕಲಿನ ಆಲೋಚನೆ ಕಳವಾಗಿ, ಕಳವು ಮೌನವಾಗಿ ಮಾರ್ಪಡುವುದು ಹೀಗೆ, ಹತ್ತಿಪ್ಪತ್ತು ಸಾಲುಗಳಲ್ಲಿ. ವಿಚಿತ್ರವೆಂದರೆ ಮುಂದೆ ಕ್ಯಾಸಿಯೊನೂ ತನ್ನ ಕೋಣೆಯಲ್ಲಿ ಅದನ್ನು ಕಂಡು, ಕಸೂತಿ ಚೆನ್ನಾಗಿದೆ, ಒಡೆಯರು ಕೇಳಿ ಬರುವ ಮೊದಲು ನಕಲು ತೆಗೆದುಕೊಡೆಂದು ಬಿಯಾಂಕಳಿಗೆ ಕೊಡುತ್ತಾನೆ. ನಕಲು ತೆಗೆದು ಹಿಂದಿರುಗಿಸುವ ಸದುದ್ದೇಶ ಇಬ್ಬರಿಗೂ ಇತ್ತು.

ಮುಂದಿನ ದೃಶ್ಯದ ಆರಂಭದಲ್ಲಿ ಡೆಸ್ಡೆಮೋನ, ಆ ಕರವಸ್ತ್ರವನ್ನು ಎಲ್ಲಿ ಕಳೆದೆನೆಂದು ಎಮಿಲಿಯಳನ್ನೇ ಕೇಳುತ್ತಾಳೆ. ಇಡೀ ನಾಟಕದಲ್ಲಿ ದುರಂತವನ್ನು ತಡೆಯಬಲ್ಲ ಪ್ರಶ್ನೆಯನ್ನು, ಉತ್ತರ ಬಲ್ಲವರ ಮುಂದೆ ನೇರವಾಗಿ ಕೇಳಿದುದು ಇದೊಂದೇ ಸಲ. ತಿಳಿಯದಮ್ಮ ಎಂಬ ಉತ್ತರ ಬರುತ್ತದೆ. ಹಣದ ಥೈಲಿಯೇ ಕಳೆದಿದ್ದರೂ ಇಷ್ಟು ದುಃಖಿಸುತ್ತಿರಲಿಲ್ಲವೆಂದು ಒಡತಿ ಹಲುಬುತ್ತಿರುವಾಗಲೂ ಎಮಿಲಿಯ ಬಾಯಿ ತೆರೆಯುವುದಿಲ್ಲ. ಆಗ ಒಥೆಲ್ಲೊ ಬರುತ್ತಾನೆ. ನೆಗಡಿಯ ನೆಪ ಹೂಡಿ ಕರವಸ್ತ್ರ ಕೇಳುತ್ತಾನೆ. ಹೆಂಡತಿ ಬೇರೊಂದನ್ನು ಕೊಟ್ಟರೆ ತಾನು ಕೊಟ್ಟದ್ದೇ ಬೇಕೆನ್ನುತ್ತಾನೆ. ಅದು ಈಗ ತನ್ನ ಬಳಿ ಇಲ್ಲವೆಂದು ಆಕೆ ಹೇಳುವುದು ಇನ್ನೂ ಸತ್ಯದ ಗೆರೆಯೊಳಗಿನ ಮಾತು. ಆಗ ಒಥೆಲ್ಲೊ ಅದರ ಭಯಂಕರ ಪೂರ್ವಕಥೆಯನ್ನು ಹೇಳುತ್ತಾನೆ. ಒಬ್ಬ ಈಜಿಪ್ಟಿನ ಮಾಂತ್ರಿಕ ಸ್ತ್ರೀ ಅದನ್ನು ತನ್ನ ತಾಯಿಗೆ ಕೊಟ್ಟಳು, ಅದು ಕಳೆದುಹೋದರೆ ಗಂಡನ ಪ್ರೀತಿಯೂ ಹೋಗುತ್ತದೆ ಎಂದು. ಆಕೆ ನಡುಗುತ್ತಾಳೆ. ಕಳೆದುಹೋಗಿದೆಯೆ ಎಂದು ಗುಡುಗಿದಾಗ, ಕಳೆದಿಲ್ಲ, ಕಳೆದಿದ್ದರೂ ಏನಾಯಿತು ಎಂದುಬಿಡುತ್ತಾಳೆ. ತಂದುತೋರಿಸು ಎಂದರೆ, ತೋರಿಸಬಲ್ಲೆ, ಆದರೆ ಈಗ ಇಲ್ಲ ಎನ್ನುತ್ತಾಳೆ. ಅಷ್ಟರ ಮೇಲೆ ಕ್ಯಾಸಿಯೊನ ಶಿಫಾರಸಿನ ಮಾತಿಗೆ ಮರಳುತ್ತಾಳೆ! ಭಯವು ಒಬ್ಬ ಸತ್ಯವಂತೆಯ ನಾಲಿಗೆಯನ್ನು ಎಷ್ಟು ಬೇಗ ತಿರುಚಬಲ್ಲದೆಂಬುದಕ್ಕೆ ಇದಕ್ಕಿಂತ ಸಹಜವಾದ ಚಿತ್ರ ಸಿಗುವುದಿಲ್ಲ. ಪ್ರೀತಿಯ ಕಾಣಿಕೆಯನ್ನು ಕಳೆದುಕೊಂಡು ಹಿರಿಯರ ಮುಂದೆ ನಿಂತ ಮಕ್ಕಳೆಲ್ಲ ಹೇಳುವುದು ಇದನ್ನೇ.

ಇಲ್ಲಿ ಒಥೆಲ್ಲೊನ ಪಾಲನ್ನೂ ಮರೆಯುವಂತಿಲ್ಲ. ನೆಗಡಿಯ ನೆಪ ಸುಳ್ಳು. ಹೆಂಡತಿಯ ಕೈಹಿಡಿದು ಮಾತನಾಡುವಾಗ, ನಟಿಸುವುದು ಎಷ್ಟು ಕಷ್ಟವೆಂದು ಅವನು ತನ್ನಲ್ಲಿಯೇ ಹೇಳಿಕೊಳ್ಳುತ್ತಾನೆ. ಆ ಮಾಂತ್ರಿಕ ಕಥೆಯಾದರೂ ನಿಜವೆ? ಕೊನೆಯ ಅಂಕದಲ್ಲಿ ಅದೇ ಕರವಸ್ತ್ರವನ್ನು ತನ್ನ ತಂದೆ ತಾಯಿಗೆ ಕೊಟ್ಟ ಹಳೆಯ ಗುರುತೆಂದು ಅವನು ಹೇಳುತ್ತಾನೆ. ಎರಡರಲ್ಲೊಂದು ನಿಜವಲ್ಲ. ಕವಿಯ ಮರೆವೆಂದು ಕೆಲವರು ತಳ್ಳಿಹಾಕಿದ್ದಾರೆ. ಹೆಂಡತಿಯನ್ನು ಹೆದರಿಸಲೆಂದು ಒಥೆಲ್ಲೊ ಕಟ್ಟಿದ ಕಥೆಯೆಂದು ಮತ್ತೆ ಕೆಲವರು ವಾದಿಸಿದ್ದಾರೆ. ಎರಡನೆಯದೇ ನಾಟಕದ ನಡೆಗೆ ಹೆಚ್ಚು ಒಪ್ಪುತ್ತದೆ. ಹಾಗಾದರೆ ಆ ದೃಶ್ಯದಲ್ಲಿ ಮೂವರು ನಿಂತಿದ್ದಾರೆ, ಮೂವರೂ ಒಂದು ತುಂಡು ಬಟ್ಟೆಯನ್ನು ಕುರಿತು ಒಬ್ಬರಿಂದೊಬ್ಬರು ಸತ್ಯವನ್ನು ಮರೆಮಾಡುತ್ತಿದ್ದಾರೆ. ಇಯಾಗೊ ಅಲ್ಲಿಲ್ಲ. ಇರಬೇಕಾದ ಅಗತ್ಯವೂ ಇಲ್ಲ.

ಎಮಿಲಿಯ ಆ ಸಂಭಾಷಣೆ ಮುಗಿಯುವವರೆಗೂ ರಂಗದ ಮೇಲೆಯೇ ಇದ್ದಾಳೆ. ಒಥೆಲ್ಲೊ ಸಿಟ್ಟಿನಿಂದ ಹೊರಟುಹೋದ ಮೇಲೆ, ಇವನು ಅಸೂಯಾಪರನಲ್ಲವೆ ಎಂದು ಕೇಳುವವಳು ಆಕೆಯೇ. ಗಂಡಸರ ಸ್ವಭಾವವನ್ನು ಕುರಿತು ಕಟುವಾದ ಒಂದು ಮಾತನ್ನೂ ಆಡುತ್ತಾಳೆ. ಕರವಸ್ತ್ರ ಎಲ್ಲಿದೆಯೆಂಬುದನ್ನು ಮಾತ್ರ ಹೇಳುವುದಿಲ್ಲ. ಇದು ಕಥೆ ಮುಂದುವರಿಯಲೆಂದು ನಾಟಕಕಾರ ಮಾಡಿಕೊಂಡ ಅನುಕೂಲವೆಂದು ಹೇಳುವ ವಿಮರ್ಶಕರಿದ್ದಾರೆ. ಎ. ಸಿ. ಬ್ರಾಡ್ಲಿ 1904ರ ತನ್ನ ಪ್ರಸಿದ್ಧ ಗ್ರಂಥದಲ್ಲಿ, ಎಮಿಲಿಯ ತನ್ನ ಗಂಡನನ್ನು ಸಂಶಯಿಸಿದ್ದಳೆ ಎಂಬ ಪ್ರಶ್ನೆಗೇ ಒಂದು ಪ್ರತ್ಯೇಕ ಟಿಪ್ಪಣಿಯನ್ನು ಮೀಸಲಿಟ್ಟು, ಇಲ್ಲವೆಂದು ತೀರ್ಮಾನಿಸಿದನು. ತೀರ್ಮಾನ ಸರಿಯಿರಬಹುದು, ಪ್ರಶ್ನೆ ಸಾಲದು. ಗಂಡನ ಮನಸ್ಸಿನಲ್ಲೇನಿತ್ತೆಂದು ಅವಳಿಗೆ ತಿಳಿಯದಿರಬಹುದು. ಕರವಸ್ತ್ರ ಯಾರ ಕೈಯಲ್ಲಿದೆಯೆಂದು ತಿಳಿದಿತ್ತು. ಅದಕ್ಕಾಗಿ ಒಡತಿ ಅಳುತ್ತಿದ್ದಾಳೆಂದು ತಿಳಿದಿತ್ತು. ಅದಕ್ಕಾಗಿಯೇ ಒಡೆಯ ಗುಡುಗಿದನೆಂದೂ ತಿಳಿದಿತ್ತು. ಸತ್ಯ ನುಡಿಯಲು ಗಂಡನ ದುಷ್ಟತನ ಗೊತ್ತಾಗಲೇಬೇಕಾಗಿರಲಿಲ್ಲ. ಅವಳ ಕಣ್ಣ ಮುಂದಿದ್ದ ದುಃಖವೊಂದೇ ಸಾಕಾಗಿತ್ತು.

ಷೇಕ್ಸ್‌ಪಿಯರ್ ಈ ಪಾತ್ರವನ್ನು ಯೋಚಿಸಿಯೇ ಹೀಗೆ ಕಡೆದನೆಂಬುದಕ್ಕೆ ಆಧಾರವಿದೆ. ಕಥೆ ಅವನದಲ್ಲ. ಇಟಲಿಯ ಜಿರಾಲ್ಡಿ ಚಿಂತಿಯೊ 1565ರಲ್ಲಿ ಪ್ರಕಟಿಸಿದ ಕಥಾಸಂಗ್ರಹದಿಂದ ಅದನ್ನು ಎತ್ತಿಕೊಂಡನು. ಚಿಂತಿಯೊನ ಕಥೆಯಲ್ಲಿ ಕರವಸ್ತ್ರವನ್ನು ಕದಿಯುವವನು ಧ್ವಜಧಾರಿಯೇ. ತನ್ನ ಮೂರು ವರ್ಷದ ಮಗಳನ್ನು ಆ ಸಾಧ್ವಿಯ ತೋಳಿಗೆ ಕೊಟ್ಟು, ಆಕೆ ಮಗುವನ್ನು ಅಪ್ಪಿಕೊಂಡಿರುವಾಗ ಸೊಂಟದಿಂದ ಎಗರಿಸುತ್ತಾನೆ. ಮಗುವನ್ನು ಉಪಕರಣ ಮಾಡಿಕೊಳ್ಳುವ ಆ ಕ್ರೌರ್ಯ ಓದಿದವರ ಮನಸ್ಸಿನಿಂದ ಹೋಗುವಂಥದಲ್ಲ. ಅವನ ಹೆಂಡತಿಗೆ ಅಲ್ಲಿ ಎಲ್ಲವೂ ಗೊತ್ತು. ಆ ಹೆಂಗಸನ್ನು ನಾಶಮಾಡಲು ನೆರವಾಗೆಂದು ಗಂಡ ಕೇಳಿರುತ್ತಾನೆ, ಆಕೆ ಒಪ್ಪಿರುವುದಿಲ್ಲ. ಆದರೆ ಗಂಡನ ಭಯದಿಂದ ಯಾರಿಗೂ ಏನನ್ನೂ ಹೇಳಲಾರಳು; ಗಂಡನಿಗೆ ಸಂಶಯಕ್ಕೆ ಎಡೆಕೊಡದಂತೆ ನಡೆದುಕೊಳ್ಳೆಂದು ಗೆಳತಿಗೆ ಬುದ್ಧಿಹೇಳಿ ಸುಮ್ಮನಾಗುತ್ತಾಳೆ. ಗಂಡ ಸತ್ತ ಮೇಲೆಯೇ ಅವಳ ಬಾಯಿಂದ ಕಥೆ ಹೊರಬೀಳುತ್ತದೆ.

ಷೇಕ್ಸ್‌ಪಿಯರ್ ಮಗುವನ್ನು ತೆಗೆದನು. ಕದಿಯುವ ಕೆಲಸವನ್ನು ಗಂಡನಿಂದ ಹೆಂಡತಿಗೆ ವರ್ಗಾಯಿಸಿದನು, ಅದನ್ನೂ ಕಳವೆಂದು ತೋರದಷ್ಟು ಹಗುರಮಾಡಿದನು. ಸಂಚಿನ ಪೂರ್ಣ ಅರಿವನ್ನು ಅವಳಿಂದ ಕಸಿದುಕೊಂಡು, ಒಂದೇ ಒಂದು ಚೂರು ಅರಿವನ್ನು ಉಳಿಸಿದನು. ಮುಖ್ಯವಾಗಿ, ಭಯವನ್ನು ತೆಗೆದುಹಾಕಿದನು. ಎಮಿಲಿಯಳಿಗೆ ಇಯಾಗೊನನ್ನು ಕಂಡರೆ ಬೇಸರವಿದೆ, ಮೆಚ್ಚಿಸಬೇಕೆಂಬ ಆಸೆಯಿದೆ, ನಡುಕವಿಲ್ಲ. ಚಿಂತಿಯೊನ ಹೆಂಗಸನ್ನು ಭಯಕ್ಕೆ ಒಳಗಾದವಳೆಂದು ಕ್ಷಮಿಸಬಹುದು. ಎಮಿಲಿಯಳಿಗೆ ಆ ಆಸರೆಯಿಲ್ಲ. ಗಂಡನ ಒಂದು ಹುಚ್ಚು ಆಸೆಯನ್ನು ಪೂರೈಸುವುದಕ್ಕಾಗಿ, ಅದು ಸಣ್ಣ ವಿಷಯವೆಂಬ ಭಾವನೆಯಿಂದ ಆಕೆ ಸುಮ್ಮನಿದ್ದಳು. ಹೀಗೆ ಮಾರ್ಪಡಿಸಿದ್ದರಿಂದ ಪಾತ್ರವು ದುಷ್ಟರಿಂದ ದೂರವಾಗಿ ಸಾಮಾನ್ಯರಿಗೆ ತೀರ ಹತ್ತಿರ ಬಂದಿತು. ಯಾವ ಮನೆಯಲ್ಲಿಯಾದರೂ ಎಮಿಲಿಯ ಇರಬಹುದು. ಗಂಡ ಹೇಳಬೇಡವೆಂದ, ಅತ್ತೆ ಹೇಳಬೇಡವೆಂದರು, ಅಣ್ಣ ಹೇಳಬೇಡವೆಂದ; ಕೇಳಿದವರಿಗೆ ತಿಳಿಯದೆಂದು ಹೇಳಿ ಒಳಗೆ ಹೋದವರು ಯಾರಿಲ್ಲ?

ನಾಲ್ಕನೆಯ ಅಂಕದಲ್ಲಿ ಒಥೆಲ್ಲೊ ಕೊನೆಗೂ ಎಮಿಲಿಯಳನ್ನು ವಿಚಾರಿಸುತ್ತಾನೆ. ನೀನು ಏನನ್ನೂ ಕಾಣಲಿಲ್ಲವೆ ಎಂದು ಕೇಳುತ್ತಾನೆ. ಕಂಡಿಲ್ಲ, ಕೇಳಿಲ್ಲ, ಸಂಶಯಪಟ್ಟಿದ್ದೂ ಇಲ್ಲ ಎಂದು ಆಕೆ ಖಂಡಿತವಾಗಿ ನುಡಿಯುತ್ತಾಳೆ. ಒಡತಿಯ ಶೀಲಕ್ಕೆ ತನ್ನ ಆತ್ಮವನ್ನೇ ಪಣವಾಗಿಡುತ್ತಾಳೆ. ಇಲ್ಲಿ ಆಕೆ ಹೇಳಿದುದೆಲ್ಲ ಸತ್ಯ. ಆದರೆ ಒಥೆಲ್ಲೊ ಕರವಸ್ತ್ರದ ಹೆಸರೆತ್ತುವುದಿಲ್ಲ, ಆಕೆಯೂ ಎತ್ತುವುದಿಲ್ಲ. ಅವನು ಆಗಲೇ ತೀರ್ಪು ಬರೆದು ಸಾಕ್ಷಿಯನ್ನು ಕರೆದವನಾದ್ದರಿಂದ, ಇಂಥ ಮಾತು ಯಾವ ದೂತಿಯೂ ಹೇಳಬಲ್ಲಳೆಂದು ಅದನ್ನು ತಳ್ಳಿಬಿಡುತ್ತಾನೆ. ಅದಕ್ಕೆ ಮುಂಚೆ ಮರೆಯಲ್ಲಿ ನಿಂತು, ಕ್ಯಾಸಿಯೊ ಬಿಯಾಂಕಳನ್ನು ಕುರಿತು ನಗುವುದನ್ನು ತನ್ನ ಹೆಂಡತಿಯನ್ನು ಕುರಿತ ನಗೆಯೆಂದು ನಂಬಿದವನು ಅವನು. ಕ್ಯಾಸಿಯೊನ ಎದುರು ಹೋಗಿ ಒಂದು ಮಾತು ಕೇಳಲಿಲ್ಲ. ಯುದ್ಧರಂಗದಲ್ಲಿ ಮುಖಾಮುಖಿ ನಿಂತು ಗೆದ್ದ ಸೇನಾಪತಿ ಮನೆಯ ವಿಷಯದಲ್ಲಿ ಬಾಗಿಲ ಮರೆಯನ್ನು ಹಿಡಿದನು.

ಅದೇ ದೃಶ್ಯದಲ್ಲಿ ಮೈ ಜುಮ್ಮೆನ್ನಿಸುವ ಒಂದು ಘಟ್ಟವಿದೆ. ಯಾವನೋ ಒಬ್ಬ ಮಹಾದುಷ್ಟ, ಪದವಿಯ ಆಸೆಯಿಂದ, ಈ ಅಪವಾದವನ್ನು ಹುಟ್ಟಿಸಿರಬೇಕೆಂದು ಎಮಿಲಿಯ ಕೂಗಾಡುತ್ತಾಳೆ. ಊಹೆ ಅಕ್ಷರಶಃ ನಿಜ. ಪಕ್ಕದಲ್ಲಿ ನಿಂತು ಕೇಳುತ್ತಿರುವವನು ಇಯಾಗೊ. ಅಂಥ ಮನುಷ್ಯ ಇರಲಾರ, ಅಸಾಧ್ಯ ಎಂದು ಅವನು ಸಮಾಧಾನ ಹೇಳುತ್ತಾನೆ. ಇಷ್ಟು ಹತ್ತಿರಕ್ಕೆ ಬಂದ ಬುದ್ಧಿ ಕೊನೆಯ ಒಂದು ಹೆಜ್ಜೆಯನ್ನು ಏಕೆ ಇಡಲಿಲ್ಲ? ಆ ಹೆಜ್ಜೆಯಿಟ್ಟರೆ ಕಾಣುವುದು ತನ್ನದೇ ಕೈ, ಆ ಕೈಯಿಂದ ಗಂಡನ ಕೈಗೆ ಹೋದ ಕರವಸ್ತ್ರ. ಸತ್ಯವನ್ನು ಕಾಣದಂತೆ ತಡೆಯುವುದು ಹಲವು ಸಲ ದಡ್ಡತನವಲ್ಲ, ತಾನು ಹಿಂದೆ ಹೇಳಿದ ಒಂದು ಸುಳ್ಳು. ಅದನ್ನು ಕಾಪಾಡಿಕೊಳ್ಳಲು ಮನಸ್ಸು ಆ ಕಡೆ ನೋಡುವುದನ್ನೇ ನಿಲ್ಲಿಸುತ್ತದೆ.

ಅಂದಿನ ರಾತ್ರಿ, ಒಡತಿಯ ಕೇಶವಸ್ತ್ರಗಳನ್ನು ಸಡಿಲಿಸುತ್ತ, ಲೋಕವೇ ಸಿಕ್ಕುವುದಾದರೆ ಗಂಡನಿಗೆ ದ್ರೋಹ ಮಾಡುವೆಯಾ ಎಂಬ ಪ್ರಶ್ನೆಗೆ ಎಮಿಲಿಯ ಕೊಡುವ ಉತ್ತರವನ್ನು ಇದರೊಡನೆ ಸೇರಿಸಿ ಓದಬೇಕು. ಒಂದು ಉಂಗುರಕ್ಕೋ ಒಂದಿಷ್ಟು ಬಟ್ಟೆಗೋ ಮಾಡಲಾರೆ, ಇಡೀ ಲೋಕವೇ ಬೆಲೆಯಾದರೆ ಯಾರು ತಾನೆ ಮಾಡದಿದ್ದಾರು ಎಂದು ಆಕೆ ಚಟಾಕಿ ಹಾರಿಸುತ್ತಾಳೆ. ಡೆಸ್ಡೆಮೋನ ಲೋಕಕ್ಕಾಗಿಯೂ ಮಾಡಲಾರೆನೆನ್ನುತ್ತಾಳೆ. ಎಮಿಲಿಯಳ ನೀತಿ ಅಳತೆಯ ನೀತಿ. ತಪ್ಪು ಎಷ್ಟು ದೊಡ್ಡದು, ಬೆಲೆ ಎಷ್ಟು ಎಂದು ತೂಗುವವಳು ಆಕೆ. ಹಾಗೆ ತೂಗಿದ್ದರಿಂದಲೇ ಕರವಸ್ತ್ರ ಹಗುರವೆಂದು ಕಂಡಿತು. ಆದರೆ ಅದಕ್ಕೆ ಅವಳಿಗೆ ದೊರೆತ ಬೆಲೆ ಏನೂ ಇಲ್ಲ. ಗಂಡನಿಂದ ಒಂದು ಒಳ್ಳೆಯ ಮಾತು ಕೂಡ. ಗಂಡಂದಿರ ತಪ್ಪಿನಿಂದಲೇ ಹೆಂಡಿರು ಕೆಡುವರೆಂಬ ಎಮಿಲಿಯಳ ಪ್ರಸಿದ್ಧ ಭಾಷಣ ಇದೇ ಸಂದರ್ಭದ್ದು. 1622ರ ಮುದ್ರಣದಲ್ಲಿ ಅದೂ ಇಲ್ಲ, ಡೆಸ್ಡೆಮೋನ ಹಾಡುವ ಹಾಡೂ ಇಲ್ಲ, 1623ರಲ್ಲಿ ಇವೆ. ಅವು ಇಲ್ಲದ ನಾಟಕದಲ್ಲಿ ಎಮಿಲಿಯ ಬಹಳ ಬಡವಾಗುತ್ತಾಳೆ.

ಕೊನೆಯ ದೃಶ್ಯದಲ್ಲಿ ಎಲ್ಲ ಸುಳ್ಳುಗಳೂ ಒಂದೇ ಕೋಣೆಯಲ್ಲಿ ಸೇರುತ್ತವೆ. ಕ್ಯಾಸಿಯೊನ ಕೈಯಲ್ಲಿ ಕರವಸ್ತ್ರವನ್ನು ಕಣ್ಣಾರೆ ಕಂಡೆನೆಂದು ಒಥೆಲ್ಲೊ ಹೇಳಿದಾಗ, ಹಾಗಾದರೆ ಅವನಿಗೆ ಎಲ್ಲಿಯೋ ಸಿಕ್ಕಿರಬೇಕು, ಕರೆಸಿ ಕೇಳು ಎಂದು ಡೆಸ್ಡೆಮೋನ ಬೇಡುತ್ತಾಳೆ. ಹಿಂದಿನ ದಿನ ಇದೇ ಮಾತನ್ನು, ಕಳೆದುಹೋಯಿತು, ಹುಡುಕಿಸು ಎಂದು ಹೇಳಬಹುದಾಗಿತ್ತು. ಈಗ ಕಾಲ ಮೀರಿದೆ. ಉಸಿರು ಕಟ್ಟಿದ ಮೇಲೆ ಕ್ಷಣಕಾಲ ಎಚ್ಚೆತ್ತು, ಇದನ್ನು ಯಾರು ಮಾಡಿದರೆಂದು ಎಮಿಲಿಯ ಕೇಳಿದಾಗ, ಯಾರೂ ಅಲ್ಲ, ತಾನೇ ಎಂದು ಹೇಳಿ ಪ್ರಾಣಬಿಡುತ್ತಾಳೆ. ಕೊಂದವನನ್ನು ಉಳಿಸಲು ಹೇಳಿದ ಈ ಸುಳ್ಳನ್ನು ಸಹೃದಯರು ಸತ್ಯಕ್ಕಿಂತ ಮಿಗಿಲೆಂದು ಕೊಂಡಾಡಿದ್ದಾರೆ. ಅದರ ಹಿಂದಿರುವ ಪ್ರೇಮವನ್ನು ಅಲ್ಲಗಳೆಯುವಂತಿಲ್ಲ. ಆದರೆ ನಾಟಕಕಾರ ಅದಕ್ಕೆ ಕೊಟ್ಟ ಫಲವನ್ನು ನೋಡಬೇಕು. ಒಥೆಲ್ಲೊ ಅದನ್ನೇ ಹಿಡಿದು, ಸುಳ್ಳಾಡಿಯೇ ನರಕಕ್ಕೆ ಹೋದಳು, ಕೊಂದವನು ತಾನು ಎನ್ನುತ್ತಾನೆ. ತ್ಯಾಗದ ಸುಳ್ಳು ಅವನ ಕಣ್ಣಿಗೆ ಅವಳ ಸುಳ್ಳುತನಕ್ಕೆ ಕೊನೆಯ ಸಾಕ್ಷಿಯಾಯಿತು. ಅವನು ಅದನ್ನು ಒಪ್ಪಿಕೊಂಡು ಸುಮ್ಮನಿದ್ದಿದ್ದರೆ ಇಯಾಗೊ ಅಂದು ಪ್ರಾಮಾಣಿಕನಾಗಿಯೇ ಮನೆಗೆ ಹೋಗುತ್ತಿದ್ದನು.

ಎಲ್ಲವನ್ನೂ ತಿಳಿಸಿದವನು ನಿನ್ನ ಗಂಡನೇ ಎಂದು ಒಥೆಲ್ಲೊ ಹೇಳಿದಾಗ, ಎಮಿಲಿಯ ನನ್ನ ಗಂಡನೆ, ನನ್ನ ಗಂಡನೆ ಎಂದು ಮತ್ತೆ ಮತ್ತೆ ಕೇಳುತ್ತಾಳೆ. ಕಿವಿ ಕೇಳಿಸದ್ದರಿಂದಲ್ಲ. ಬಳಿಕ ಇಯಾಗೊ ಬರುತ್ತಾನೆ, ಮನೆಗೆ ನಡೆಯೆಂದು ಅಪ್ಪಣೆಮಾಡುತ್ತಾನೆ. ಗಂಡನ ಮಾತಿಗೆ ತಲೆಬಾಗುವುದು ಸರಿಯಾದರೂ ಈಗಲ್ಲ ಎಂದು ಆಕೆ ಅಲ್ಲಿಯೇ ನಿಲ್ಲುತ್ತಾಳೆ. ನೀಚತನವನ್ನು ಮೂಸಿ ಗುರುತಿಸುವವಳಂತೆ ಕೂಗುವಾಗ, ತನಗೆ ಆಗಲೇ ಹಾಗೆನ್ನಿಸಿತ್ತು ಎಂಬ ಒಂದು ಮಾತು ಬಾಯಿಂದ ಜಾರುತ್ತದೆ. ಆಗಲೇ ಎಂದರೆ ಯಾವಾಗ? ಕರವಸ್ತ್ರವನ್ನು ಕಸಿದುಕೊಂಡಾಗಲೆ, ಒಥೆಲ್ಲೊ ಗುಡುಗಿದಾಗಲೆ? ಬ್ರಾಡ್ಲಿಯ ಟಿಪ್ಪಣಿಯಿಂದ ಇಲ್ಲಿಯವರೆಗೆ ಇದರ ಚರ್ಚೆ ಮುಗಿದಿಲ್ಲ. ಅವಳಿಗೂ ಸ್ಪಷ್ಟವಾಗಿ ತಿಳಿದಿರಲಿಲ್ಲವೆನ್ನುವುದೇ ಹೆಚ್ಚು ನ್ಯಾಯ. ಅರ್ಧ ತಿಳಿದು ಅರ್ಧ ತಿಳಿಯದಂತಿರುವ ಸ್ಥಿತಿಗೆ ಭಾಷೆಯಲ್ಲಿ ಬೇರೆ ಹೆಸರಿಲ್ಲ. ಆದರೆ ಕರವಸ್ತ್ರದ ಹೆಸರು ಕಿವಿಗೆ ಬಿದ್ದೊಡನೆ ಅವಳು ಒಂದು ಕ್ಷಣವೂ ತಡೆಯುವುದಿಲ್ಲ. ಇಯಾಗೊ ಕತ್ತಿ ಹಿರಿದು ನಿಂತಿದ್ದಾನೆ. ಸುಮ್ಮನಿದ್ದರೆ ಅವಳು ಬದುಕುತ್ತಾಳೆ. ತಾನೇ ಅದನ್ನು ಕಂಡು ಎತ್ತಿದೆ, ತಾನೇ ಗಂಡನಿಗೆ ಕೊಟ್ಟೆ, ಅದನ್ನು ಕದ್ದುಕೊಡೆಂದು ಅವನು ಬಹಳ ಗಂಭೀರವಾಗಿ, ಅಂಥ ಸಣ್ಣ ವಸ್ತುವಿಗೆ ಸಲ್ಲದಷ್ಟು ಗಂಭೀರವಾಗಿ ಬೇಡುತ್ತಿದ್ದ ಎಂದು ಎಲ್ಲರೆದುರು ಹೇಳುತ್ತಾಳೆ. ಆ ದಿನ ಒಡತಿಗೆ ಹೇಳಬೇಕಾಗಿದ್ದ ಮಾತು ಇಷ್ಟೇ. ಆಗ ಅದಕ್ಕೆ ಬೆಲೆ ಗಂಡನ ಮುನಿಸು, ಈಗ ಪ್ರಾಣ. ಇಯಾಗೊ ಅವಳನ್ನು ಇರಿದು ಓಡುತ್ತಾನೆ.

ಹಿಡಿದು ತಂದ ಮೇಲೆ ಇಯಾಗೊ, ಇನ್ನು ಮುಂದೆ ಒಂದು ಮಾತನ್ನೂ ಆಡುವುದಿಲ್ಲವೆಂದು ಬಾಯಿ ಮುಚ್ಚಿಕೊಳ್ಳುತ್ತಾನೆ. ಒಥೆಲ್ಲೊ, ತನ್ನನ್ನು ಇದ್ದಂತೆಯೇ ವರದಿಮಾಡಿ, ಏನನ್ನೂ ಕಡಿಮೆಮಾಡಬೇಡಿ, ದ್ವೇಷದಿಂದ ಏನನ್ನೂ ಸೇರಿಸಬೇಡಿ ಎಂದು ದೀರ್ಘವಾಗಿ ಮಾತನಾಡುತ್ತಾನೆ. 1927ರಲ್ಲಿ ಟಿ. ಎಸ್. ಎಲಿಯಟ್ ಆ ಭಾಷಣದಲ್ಲಿ, ತನ್ನನ್ನು ತಾನೇ ಸಂತೈಸಿಕೊಳ್ಳುವ ಆತ್ಮವಂಚನೆಯನ್ನು ಕಂಡನು. ಮಾತು ಕಠಿನವಾದರೂ ತಳ್ಳಿಹಾಕುವಂತಿಲ್ಲ. ಹೆಂಡತಿಯ ಶವದ ಪಕ್ಕದಲ್ಲಿ ನಿಂತು ಆತ ಹೆಚ್ಚಾಗಿ ಹೇಳುವುದು ತನ್ನ ವಿಷಯವನ್ನೇ. ಈ ಇಬ್ಬರ ನಡುವೆ ಎಮಿಲಿಯಳ ಸಾವು ಸದ್ದಿಲ್ಲದೆ ನಡೆದುಹೋಗಿರುತ್ತದೆ. ತನ್ನನ್ನು ಒಡತಿಯ ಪಕ್ಕದಲ್ಲಿ ಮಲಗಿಸಿರೆಂದು ಅವಳು ಕೇಳಿಕೊಂಡಿದ್ದಳು. ಒಡತಿ ಹಾಡಿದ ಹಾಡನ್ನು ನೆನೆದು, ಆಕೆ ಶೀಲವತಿ, ನಿನ್ನನ್ನು ಪ್ರೀತಿಸಿದವಳು ಎಂದು ಒಥೆಲ್ಲೊನಿಗೆ ಹೇಳಿ, ಮನಸ್ಸಿನಲ್ಲಿದ್ದುದನ್ನೇ ನುಡಿಯುತ್ತ ಸಾಯುತ್ತಿದ್ದೇನೆಂದು ಕಣ್ಣುಮುಚ್ಚುತ್ತಾಳೆ. ಒಥೆಲ್ಲೊನಿಂದ ಅದಕ್ಕೆ ಉತ್ತರ ಬರುವುದಿಲ್ಲ. ಆ ಕೋಣೆಯಲ್ಲಿ ತನ್ನದು ಮತ್ತೊಂದು ಕತ್ತಿಯಿದೆಯೆಂಬುದು ಅವನಿಗೆ ನೆನಪಾಗಿರುತ್ತದೆ.